ಬಾಗಿಲು ತೆರೆಯುವ ಅಣ್ಣ

ಮಾರ್ಚ್ 12, ಬುಧವಾರ

ಮೇಷ್ಟ್ರ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ಬೆಳಿಗ್ಗೆ ಅವರಿಗೆ ಕಟಿಂಗ್ ಮಾಡುತ್ತ, ಎಂದಿನಂತೆ ಆ ಹಳೆಯ ಸಿನಿಮಾದ ಕತೆ ಹೇಳುತ್ತಿದ್ದೆ. ಜಗಳವಾಡಿ ಮನೆ ಬಿಟ್ಟಿದ್ದ ತಮ್ಮ ಎಷ್ಟೋ ವರ್ಷದ ಮೇಲೆ ಬಂದು ಕದ ತಟ್ಟುತ್ತಾನೆ. ಅಣ್ಣ ಬಾಗಿಲು ತೆರೆದು ತಬ್ಬಿಕೊಳ್ಳುತ್ತಾನೆ. ಇಪ್ಪತ್ತು ವರ್ಷಗಳಿಂದ ನನ್ನ ಕುರ್ಚಿಯಲ್ಲಿ ಕೂತವರೆಲ್ಲ ಕತೆ ಅಲ್ಲಿಗೆ ಬಂದಾಗ ಮೂಗು ಒರೆಸಿಕೊಂಡಿದ್ದಾರೆ.

ಮೇಷ್ಟ್ರು ಮಾತ್ರ ನಕ್ಕರು. "ಏನಯ್ಯಾ, ತಲೆ ಜೊತೆ ಕತೆಗೂ ಕತ್ತರಿ ಹಾಕ್ತೀಯಲ್ಲ! ನಿನ್ನೆ ತಾನೇ ನೋಡ್ದೆ. ಅಣ್ಣ ಬಾಗಿಲು ತೆಗೆಯೋದೇ ಇಲ್ಲ."

"ಇಲ್ಲ ಮೇಷ್ಟ್ರೇ, ನಾನು ಕಣ್ಣಾರೆ ಕಂಡಿದ್ದೀನಿ."

"ಕನಸಲ್ಲಿ ಕಂಡಿರ್ಬೇಕು ಬಿಡು."

ಅಂಗಡಿ ಮುಚ್ಚಿ ಬಂದವನೇ ಮೊಬೈಲಿನಲ್ಲಿ ಸಿನಿಮಾದ ಕೊನೆ ನೋಡಿದೆ. ಮೇಷ್ಟ್ರು ಹೇಳಿದ್ದೇ ಸರಿ. ಚಿಲಕದ ಮೇಲೆ ಅಣ್ಣನ ಕೈ ಹಾಗೇ ಇದೆ. ಹೊರಗೆ ತಮ್ಮನ ಹೆಜ್ಜೆ ಸದ್ದು ದೂರವಾಗುತ್ತದೆ.

ಆ ಸಿನಿಮಾ ನೋಡಿದ್ದು ನನ್ನ ತಮ್ಮ ಬಂದುಹೋದ ವರ್ಷ. "ಅಣ್ಣಾ, ನೀನು ಒಳಗಿದ್ದೀಯ ಅಂತ ಗೊತ್ತು. ತೆಗಿಯೋ," ಎಂದಿದ್ದ. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಆಮೇಲೆ ಅವನು ಬರಲಿಲ್ಲ.

ಕತೆಯಲ್ಲಿ ಸಾವಿರ ಸಲ ಬಾಗಿಲು ತೆರೆದು ತೆರೆದು, ನಾನು ಒಳ್ಳೆಯ ಅಣ್ಣನೆಂದು ನಾನೇ ನಂಬಿಬಿಟ್ಟಿದ್ದೆ. ಊರಿಗೆಲ್ಲ ಕತೆ ಹೇಳುವವನಿಗೆ ಇದನ್ನು ಹೇಳಿಕೊಳ್ಳಲು ಮನೆಯಲ್ಲಿ ಒಂದು ಜೀವವಿಲ್ಲ.

ಅವನ ನಂಬರು ಅಕ್ಕನ ಹತ್ತಿರ ಇದೆ. ಇಷ್ಟು ಹೊತ್ತಿಗೆ ಮಲಗಿರುತ್ತಾಳೆ, ನಾಳೆ ಕೇಳೋಣ.

ಸುಳ್ಳು. ಗಂಟೆ ಇನ್ನೂ ಒಂಬತ್ತು. ಅಕ್ಕ ಹನ್ನೊಂದಕ್ಕೆ ಮೊದಲು ಎಂದೂ ಮಲಗಿದವಳಲ್ಲ.