ಮೆಟ್ಟುಗತ್ತಿ ನನ್ನದು

ವರದಾ,

ಆಶೀರ್ವಾದ ಆಮೇಲೆ, ಮೊದಲು ಬೈಗುಳ ತಿನ್ನು. ಆ ಮೆಟ್ಟುಗತ್ತಿ ನಿನ್ನದೆಂದು ಪೊಲೀಸರ ಮುಂದೆ ಯಾಕೆ ಹೇಳಿದೆ? ಅದು ನನ್ನದು. ಅಮ್ಮ ನನ್ನ ಮದುವೆಗೆ ಕೊಟ್ಟದ್ದು, ಕುಂದಾಪುರದಿಂದ ನನ್ನ ಜೊತೆಗೇ ಮರಾಠಿ ಸೀಮೆಯ ಬಿಬವೇವಾಡಿಯಲ್ಲಿರುವ ನಮ್ಮ ಈ ಹೋಟೆಲಿಗೆ ಬಂದದ್ದು. ಧಾರವಾಡದವಳು ನೀನು ಅದನ್ನು ಈಳಿಗಿ ಅನ್ನುತ್ತಿದ್ದೆ. ಈಗ ಪೊಲೀಸರು ಮಾರಕಾಸ್ತ್ರ ಅನ್ನುತ್ತಿದ್ದಾರೆ.

ಮಾರಕಾಸ್ತ್ರವಂತೆ, ಅವರ ತಲೆ! ನೆಲದಲ್ಲಿ ಕೂತು, ಮಣೆಯನ್ನು ಕಾಲಿನಿಂದ ಒತ್ತಿ ಹಿಡಿಯದೆ ಅದರಲ್ಲಿ ಒಂದು ಬೆಂಡೆಕಾಯಿಯೂ ಹೆಚ್ಚಲಾಗದು. ಅದರಿಂದ ಯಾರನ್ನಾದರೂ ಕೊಲ್ಲಬೇಕಾದರೆ ಆ ಪುಣ್ಯಾತ್ಮನೇ ಬಂದು ಎದುರಿಗೆ ಕತ್ತು ಚಾಚಬೇಕು. ಇಷ್ಟೂ ತಿಳಿಯದವರ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೋ!

ನೀವು ಕೇಳಿದ್ದಾದರೂ ಏನು? ದಿನವಿಡೀ ತರಕಾರಿ ಮಂಡಿಯಲ್ಲಿ ಸೊಪ್ಪು ಬಿಡಿಸುವ ಹೆಂಗಸರಿಗೆ ಒಂದು ಶೌಚಾಲಯ. ಅದಕ್ಕಾಗಿ ಮಂಡಿಯ ಗೇಟಿನ ಪಕ್ಕ ಧರಣಿ ಕೂತಿರಿ, ಅಲ್ಲೇ ಒಲೆ ಹೂಡಿದಿರಿ. ಲಾರಿಗಳಿಗೆ ದಾರಿ ಬಿಟ್ಟೇ ಕೂತಿದ್ದಿರಿ, ನಾನೇ ಕಂಡಿದ್ದೇನೆ. ಆ ಬೆಳಿಗ್ಗೆ ನೀನು ಬಂದು, "ಅಕ್ಕಾರ, ನಿಮ್ಮ ಈಳಿಗಿ ಕೊಡ್ರಿ, ಕುಂಬಳಕಾಯಿ ಭಾಳ ಗಟ್ಟಿ ಅದ. ಸಂಜೀಕ ತಂದು ಕೊಡ್ತೀನ್ರಿ" ಅಂದೆ. ಸಂಜೆ ನೀನೂ ಬರಲಿಲ್ಲ, ಅದೂ ಬರಲಿಲ್ಲ. ದಾರಿ ತಡೆದಿರಿ, ಆಯುಧ ತಂದಿರಿ ಎಂದು ನಿಮ್ಮೆಲ್ಲರನ್ನೂ ವ್ಯಾನಿಗೆ ತುಂಬಿದ್ದರು.

ಉಳಿದವರಿಗೆ ಜಾಮೀನು ಸಿಕ್ಕಿತು. ನಿನಗೆ ಮಾತ್ರ ಇಲ್ಲ, ಆಯುಧ ನಿನ್ನದಲ್ಲವೇ! ಸೊಪ್ಪು ಬಿಡಿಸುವ ಸಕ್ಕುಬಾಯಿ ಬಿಡುಗಡೆಯಾದವಳೇ ಹೋಟೆಲಿಗೆ ಬಂದು ಕಣ್ಣೊರೆಸಿಕೊಂಡಳು. "ನಿಮ್ಮ ಹೆಸರು ಬರಬಾರ್ದು ಅಂತ ವರದಕ್ಕ ತನ್ನ ಮ್ಯಾಲೆ ಹಾಕ್ಕೊಂಡಾರ್ರಿ. ಅಕ್ಕಾರ, ನಾವು ಕುಂತದ್ದು ತಪ್ಪಾತೇನ್ರಿ?" ಕೋರ್ಟಿಗೆ ಹೋಗಿ ಅದು ನನ್ನದೆಂದು ಹೇಳಿಯೇ ಬರುತ್ತೇನೆ ಎಂದು ನಾನು ಆಗಲೇ ಹೊರಟು ನಿಂತೆ.

ನನ್ನ ಗಂಡ ಭುಜಂಗರು, "ಸುಮ್ನಿರು ಲೀಲಾ. ಅವಳೇ ತನ್ನದು ಅಂದ ಮೇಲೆ ನಮಗೆಂತಕ್ಕೆ ಊರ ಉಸಾಬರಿ? ಹೋಟ್ಲಿನ ಲೈಸೆನ್ಸಿಗೆ ಕುತ್ತು ಬಂದ್ರೆ ಎಂತ ಮಾಡುದು?" ಅಂದರು. "ಆ ಹೆಂಗಸ್ರು ಬಿಡಿಸಿದ ಸೊಪ್ಪಿನ ಸಾಂಬಾರು ಬಡಿಸುವಾಗ ಊರ ಉಸಾಬರಿ ಅನ್ನಿಸ್ಲಿಲ್ವಾ?" ಎಂದೆ. ಅವರು ಎದ್ದು ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ಕೂತರು. ಬೆಳಿಗ್ಗೆ ತಾವಾಗಿಯೇ ವಕೀಲರಿಗೆ ಫೋನು ಮಾಡಿದರು.

ಸೋಮವಾರ ನಾನು ಕೋರ್ಟಿಗೆ ಬರುತ್ತಿದ್ದೇನೆ. ನಿನಗೆ ಗೊತ್ತಿಲ್ಲದ ಸಂಗತಿಯೊಂದಿದೆ. ನಮ್ಮ ಕಡೆ ಮದುವೆಗೆ ಕೊಡುವ ಪಾತ್ರೆಪಗಡೆಗೆಲ್ಲ ಹೆಣ್ಣಿನ ಹೆಸರು ಕೊರೆಸುತ್ತಾರೆ. ಅಮ್ಮ ಮಣೆಯನ್ನೂ ಬಿಟ್ಟಿರಲಿಲ್ಲ. ಇಷ್ಟು ದಿನ ಇಟ್ಟುಕೊಂಡರೂ ಆ ಪೊಲೀಸ್ ಮಹಾನುಭಾವರು ಅದನ್ನು ಮಗುಚಿ ನೋಡಿಲ್ಲ. ನ್ಯಾಯಾಧೀಶರ ಎದುರು ಮಗುಚಿ ತೋರಿಸುತ್ತೇನೆ. ಬೇಕಾದರೆ ಅಲ್ಲೇ ನೆಲದಲ್ಲಿ ಕೂತು ಒಂದು ಕುಂಬಳಕಾಯಿಯನ್ನೂ ಹೆಚ್ಚುತ್ತೇನೆ. ಕೂರುವುದು ಅಪರಾಧವಾದರೆ ನನ್ನನ್ನೂ ಹಿಡಿಯಲಿ.

ಹೊಟ್ಟೆ ತುಂಬ ಉಣ್ಣು, ಯಾರಿಗೂ ತಲೆ ತಗ್ಗಿಸಬೇಡ. ನೂರು ಕಾಲ ಬಾಳು, ಹೊರಬಂದ ಮೇಲೆ ಮತ್ತೆ ಆ ಗೇಟಿನ ಪಕ್ಕವೇ ಹೋಗಿ ಕೂರು. ಈ ಸಲ ಮೆಟ್ಟುಗತ್ತಿ ನಾನೇ ತರುತ್ತೇನೆ.

ಕೋಪದಲ್ಲೇ ಹರಸುವ,
ಲೀಲಾಕ್ಷಿ
(ಮಣೆಯ ಅಡಿಯಲ್ಲಿರುವ ಹೆಸರು ಇದೇ)