ಕುರಿಮರಿ ಹದ್ದು

ಏಪ್ರಿಲ್ ೧೨, ಶನಿವಾರ

ನಮ್ಮ ಹುಲ್ಲುಗಾವಲಿನ ಮೇಲಿನ ಬಂಡೆಯಲ್ಲಿ ಇಲ್ಲಿ ಅಳಿದುಹೋದ ರಣಹದ್ದಿನ ಮರಿಗಳನ್ನು ಅರಣ್ಯದವರು ಮತ್ತೆ ತಂದು ಬಿಡಲು ಮಾವ ಒಪ್ಪುತ್ತಾರೋ ಇಲ್ಲವೋ ಎಂಬುದೇ ವಾರದ ಚಿಂತೆ. ಆಲ್ಪ್ಸ್ ಬೆಟ್ಟಸಾಲಿನ ನಮ್ಮ ಟಿರೋಲಿನ ಕುರಿಗಾಹಿಗಳಿಗೆ ಅದು ‘ಕುರಿಮರಿ ಹದ್ದು’. ಆ ಹೆಸರು ನಂಬಿ, ಕುರಿಮರಿ ಹೊತ್ತೊಯ್ಯುತ್ತದೆಂದೇ ಮಾವನ ಅಜ್ಜ ಅದಕ್ಕೆ ಗುಂಡು ಹೊಡೆದಿದ್ದರು. ಅನುವಾದಗಳನ್ನೇ ಓದುವ ನನಗೆ, ಒಂದು ಪದ ತಪ್ಪಿದರೆ ಕಥೆಯೇ ತಪ್ಪುತ್ತದೆಂದು ಗೊತ್ತು.

ವಾದಿಸಲಿಲ್ಲ. ಮಾವನನ್ನು ಬೆಟ್ಟದ ಮೃಗಾಲಯಕ್ಕೆ ಕರೆದೊಯ್ದೆ. ಹದ್ದು ಮಾಂಸವನ್ನು ಪಕ್ಕಕ್ಕೆ ತಳ್ಳಿ, ಗೇಣುದ್ದದ ಮೂಳೆಯನ್ನು ಇಡಿಯಾಗಿ ನುಂಗಿತು. ಮಾವ ಟೋಪಿ ತೆಗೆದರು.

“ವಾಲ್ಬುರ್ಗಾ, ಮೂಳೆ ತಿನ್ನೋ ಬಡಪಾಯಿಗೆ ಆ ಹೆಸರಿಟ್ಟ ಮುಠ್ಠಾಳ ಯಾರಮ್ಮ?” ಎಂದು ನನ್ನನ್ನು ಕೇಳಿದರು.

“ನಿಮ್ಮಜ್ಜನಿಗೂ ಹಿಂದಿನವರು, ಮಾವ.”

“ಕಣ್ಣಿರಲಿಲ್ವಾ ನಮ್ಮಜ್ಜನಿಗೆ?”

“ಇತ್ತು. ಹೆಸರು ಮೊದಲೇ ಕಿವಿಗೆ ಬಿದ್ದಿತ್ತು.”

ವಾಪಸು ಬರುವಾಗ ಬಸ್ಸಿನಲ್ಲಿ ತಾವಾಗಿಯೇ ಹೇಳಿದರು: “ಬರಲಿ ಮರಿಗಳು. ಆದ್ರೆ ನನ್ನ ಬಂಡೆ ಮೇಲೆ ಆ ಹೆಸರು ಬೇಡ.”

“ಮೂಳೆಮುಕ್ಕ ಅನ್ನೋಣವಾ?” ಎಂದೆ. ಆಗಲಿ ಎಂದು ತಲೆಯಾಡಿಸಿದರು.

ಊಟದಲ್ಲಿ ಮಾವ ಸಾರಿನ ಮೂಳೆ ಚೀಪುತ್ತಲೇ ಇದ್ದರು. ವಿಷಯ ಕೇಳಿದ್ದ ಅತ್ತೆ, “ಸಾಕು ಮೂಳೆಮುಕ್ಕಪ್ಪ, ಬಟ್ಟಲು ಕೊಡಿ” ಎಂದರು.

ಮನೆಯಲ್ಲಿ ನಿಂತ ಹೆಸರು ಊರಲ್ಲಿ ನಿಲ್ಲದಿರುತ್ತದೆಯೇ? ನಾಳೆ ಚರ್ಚಿನ ಅಂಗಳದಲ್ಲಿ ಮಾವನೇ ಎಲ್ಲರಿಗೂ ಈ ಹೊಸ ಹೆಸರು ಹೇಳಿಯಾರು.