ಚಿಗುರಿದ್ರೆ ತಿಳಿಸಿ

ಹಿಂಬದಿಯ ಬಾಲ್ಕನಿಯಿಂದ,
ಹದಿನಾಲ್ಕನೇ ತಾರೀಕು, ಬುಧವಾರ ಮಧ್ಯಾಹ್ನ

ನನ್ನ ಅವಸರಮ್ಮನಿಗೆ ಅತ್ತೆಯ ಪ್ರೀತಿಯ ಆಶೀರ್ವಾದಗಳು.

ಮೊದಲು ಎಲ್ಲರ ಆರೋಗ್ಯದ ವಿಷಯ ಹೇಳು. ನಿಮ್ಮ ತಂದೆಯವರ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡಿ ಅಂದರೆ ಎರಡೆರಡು ಒಟ್ಟಿಗೆ ಹತ್ತುವ ಮನುಷ್ಯ ಅವರು. ನಿನಗೆ ಈ ಅವಸರ ಎಲ್ಲಿಂದ ಬಂತು ಅಂತ ಬೇರೆ ಹುಡುಕಬೇಕಾಗಿಲ್ಲ. ಬೀಗಿತ್ತಿಯವರ ಕಣ್ಣಿನ ಪೊರೆ ತೆಗೆದಾಯಿತೇ? ನಿನ್ನ ಅಕ್ಕನ ಮಗು, ಆ ಗುಂಡಣ್ಣನಿಗೆ ಹಲ್ಲು ಬಂದವೇ? ನೀನು ಕೂತು ಊಟ ಮಾಡುತ್ತಿದ್ದೀಯಾ, ಇಲ್ಲ ನಿಂತಲ್ಲೇ ನಾಲ್ಕು ತುತ್ತು ನುಂಗಿ ಓಡುತ್ತಿದ್ದೀಯಾ? ನನಗೇನೂ ಆಗಿಲ್ಲ. ಬಲಗೈ ಹೆಬ್ಬೆರಳು ಮಾತ್ರ ಮರಗಟ್ಟಿದೆ; ನಲವತ್ತು ವರ್ಷ ಕತ್ತರಿ ಹಿಡಿದದ್ದಕ್ಕೆ ಕತ್ತರಿ ಕೊಟ್ಟ ಪಿಂಚಣಿ ಅದು.

ಇನ್ನು ಗಿಡಗಳ ವಿಷಯ. ನೀನು ಹೋಗಿ ಇವತ್ತಿಗೆ ಹನ್ನೊಂದು ವಾರ. ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತವಳು ನನ್ನ ಮುಖ ನೋಡಲಿಲ್ಲ. ಒಳಗಿದ್ದ ನಿನ್ನ ಮೂರು ಬೋನ್ಸಾಯ್ ಕುಂಡಗಳನ್ನು, ಆ ಆಲ, ದಾಳಿಂಬೆ, ಜುನಿಪರ್‌ಗಳನ್ನು ನೋಡಿ, "ಇವುಗಳಲ್ಲಿ ಒಂದಾದ್ರೂ ಚಿಗುರಿದ್ರೆ ತಿಳಿಸಿ ಅತ್ತೆ, ಬರ್ತೀನಿ" ಅಂದೆ. ನಗೆಗೆ ಅಂದದ್ದೋ ಸಿಟ್ಟಿಗೆ ಅಂದದ್ದೋ ನನಗೆ ತಿಳಿಯದು. ನಾನು ಮಾತ್ರ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ನೀನು ಆಡಿದ ಮಾತಿಗೆ ತಪ್ಪುವವಳಲ್ಲ. ಅವು ಚಿಗುರಿದರೆ ನೀನು ಬರುತ್ತೀಯ, ನೀನು ಬಂದರೆ ಈ ಮನೆಯಲ್ಲಿ ಮತ್ತೆ ಒಂದು ಸದ್ದು ಇರುತ್ತದೆ. ಇಷ್ಟು ದಿನ ನಾನು ಬದುಕಿದ್ದು ಇದೊಂದೇ ಆಸೆಯಲ್ಲಿ.

ಬೈಯಲು ಹೇಳುತ್ತಿಲ್ಲ ಕಣೇ, ಆದರೆ ಒಂದು ವರ್ಷದ ಕೆಲಸವನ್ನು ನೀನು ಒಂದೇ ಭಾನುವಾರ ಮುಗಿಸಿದ್ದೆ. ಹೊಸ ಹುರುಪು. ಕೊಂಬೆ ಕತ್ತರಿಸಿದೆ, ಬೇರು ಕತ್ತರಿಸಿದೆ, ತಂತಿ ಸುತ್ತಿ ಬಗ್ಗಿಸಿದೆ, ಕುಂಡ ಬದಲಿಸಿದೆ, ಸಾಲದ್ದಕ್ಕೆ ಮೇಲೆ ಎರಡು ಚಮಚ ಗೊಬ್ಬರ ಸುರಿದೆ. ಜ್ವರದಲ್ಲಿ ಮಲಗಿದವನ ತಲೆ ಬೋಳಿಸಿ, ಮನೆ ಬದಲಾಯಿಸಿ, ಹೊಟ್ಟೆ ಬಿರಿಯುವಷ್ಟು ಉಣ್ಣಿಸಿದ ಹಾಗಾಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಾನು ಗಾದೆ ಹೇಳಿದರೆ, "ಇದು ಗಿಡಾನೂ ಹೌದು ಮರಾನೂ ಹೌದು ಅತ್ತೆ, ಎರಡು ಸಲ ಬಗ್ಗಿಸಬಹುದು" ಅಂದೆ. ನಾವಿಬ್ಬರೂ ಒಟ್ಟಿಗೆ ನಕ್ಕ ಕೊನೆಯ ದಿನ ಬಹುಶಃ ಅದೇ.

ನೀನು ಹೋದ ಮೇಲೆ ಉಳಿದದ್ದನ್ನು ನನ್ನ ಮಗ ಪೂರೈಸಿದ. ಫ್ರಿಜ್ ಬಾಗಿಲಿಗೆ ನೀನು ಅಂಟಿಸಿದ್ದ "ಗಿಡಕ್ಕೆ ನೀರು ಮರೀಬೇಡಿ" ಅನ್ನುವ ಹಳದಿ ಚೀಟಿ ಹಾಗೇ ಇತ್ತು. ಮದುವೆಯಾದ ಆರು ವರ್ಷದಲ್ಲಿ ನಿನ್ನ ಒಂದು ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದವನು ಆ ಚೀಟಿಯನ್ನು ವೇದವಾಕ್ಯ ಮಾಡಿಕೊಂಡ. ಕನ್ನಡಕದ ಅಂಗಡಿಗೆ ಹೊರಡುವ ಮುಂಚೆ ಒಂದೊಂದು ಲೋಟ, ಬಂದು ಚಪ್ಪಲಿ ಬಿಡುವ ಮುಂಚೆ ಒಂದೊಂದು ಲೋಟ. ನಾನು ಬೇಡ ಅಂದರೆ, "ಅವಳು ಬರೆದಿಟ್ಟಿದಾಳೆ" ಅನ್ನುತ್ತಿದ್ದ. ಮೂರು ವಾರದಲ್ಲಿ ಆಲ ಒಂದೆಲೆಯೂ ಉಳಿಯದೆ ಬೋಳಾಯಿತು. ದಾಳಿಂಬೆಯ ಬುಡದಿಂದ ಕೊಳೆತ ವಾಸನೆ ಬಂತು. ಮೂರನ್ನೂ ಬಟ್ಟೆ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ನರ್ಸರಿಗೆ ಹೋದೆ. ಅಲ್ಲಿನ ಮಾಲಿ ಮಣ್ಣಿಗೆ ಬೆರಳು ಒತ್ತಿ ನೋಡಿ, "ಅಮ್ಮಾ, ನೀವು ಗಿಡ ಸಾಕ್ತಿದ್ದೀರೋ ಮೀನು ಸಾಕ್ತಿದ್ದೀರೋ?" ಅಂದ.

ಬೈಗುಳ ಮುಗಿದ ಮೇಲೆ ಕೆಲಸ ಕಲಿಸಿದ. ನಿನ್ನ ತಂತಿ ತೊಗಟೆಯೊಳಗೇ ಇಳಿದಿತ್ತು. ಸುತ್ತಿದ ಹಾಗೇ ಬಿಚ್ಚಲು ಹೋದರೆ ಕೊಂಬೆ ಮುರಿಯುತ್ತದೆ, ತುಂಡು ತುಂಡು ಮಾಡಿ ತೆಗೆಯಿರಿ ಅಂದ. ಇದನ್ನು ನನಗೆ ಹೇಳಿಕೊಡಬೇಕೇ? ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಮೊದಲ ಎರಡು ವರ್ಷ ನನ್ನ ಕೆಲಸವೇ ತಪ್ಪು ಹೊಲಿಗೆ ಬಿಚ್ಚುವುದು. ದಾರ ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ. ನಾಲ್ಕು ಹೊಲಿಗೆಗೊಂದು ಕಡೆ ಕತ್ತರಿಸಿ, ಒಂದೊಂದೇ ಆಯ್ದು ತೆಗೆಯಬೇಕು. ಹಾಗೇ ತೆಗೆದೆ. ಬಿಚ್ಚಿದರೂ ಬಟ್ಟೆಯಲ್ಲಿ ಸೂಜಿಯ ತೂತು ಉಳಿಯುತ್ತದಲ್ಲ, ಕಾಂಡದ ಮೇಲೆ ಸುರುಳಿ ಗಾಯ ಹಾಗೆ ಉಳಿದಿದೆ. ಕಪ್ಪಾಗಿ ಲೋಳೆಯಾದ ಬೇರನ್ನೆಲ್ಲ ಸವರಿ, ಇಟ್ಟಿಗೆ ಚೂರು, ದಪ್ಪ ಮರಳು ಬೆರೆಸಿ ಮತ್ತೆ ನೆಟ್ಟೆ. ಅಲುಗಾಡದ ಹಾಗೆ ಕುಂಡಕ್ಕೆ ದಾರ ಕಟ್ಟಿದೆ. ಗೊಬ್ಬರ ಬಂದ್. ಹಲ್ಲುಕಡ್ಡಿ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ಚೀಟಿಯನ್ನು ಫ್ರಿಜ್ ಮೇಲಿಂದ ಕಿತ್ತು ನನ್ನ ಹೊಲಿಗೆ ಡಬ್ಬಿಯಲ್ಲಿಟ್ಟೆ. ಇಷ್ಟೆಲ್ಲ ಆದ ಮೇಲೆ ಮಾಲಿ ಹೇಳಿದ ಕೊನೆಯ ಔಷಧಿಯೇ ಎಲ್ಲಕ್ಕಿಂತ ಕಷ್ಟದ್ದು: "ಸುಮ್ನೆ ಬಿಟ್ಬಿಡಿ."

ದಾಳಿಂಬೆ ಅದೇ ವಾರ ಹೋಯಿತು. ಕಡ್ಡಿ ಮುರಿದರೆ ಒಣ ಸೌದೆಯ ಸದ್ದು. ಆದರೆ ನಿನ್ನ ಜುನಿಪರ್ ಮಾತ್ರ ಹಚ್ಚಗಿತ್ತು. ಟಿವಿ ಪಕ್ಕದಲ್ಲಿ ಬಿಸಿಲೇ ಕಾಣದೆ ಅಷ್ಟು ದಿನ ಇದ್ದರೂ ಅದರ ಒಂದು ಸೂಜಿಯೆಲೆ ಉದುರಿರಲಿಲ್ಲ. ನನ್ನ ಮಗ ದಿನಾ ಅದನ್ನು ತೋರಿಸಿ, "ನೋಡಮ್ಮ, ಇದಕ್ಕೇನಾಗಿದೆ? ನೀನು ಸುಮ್ನೆ ಗಾಬರಿ ಬೀಳ್ತೀಯ" ಅನ್ನುವನು. ನನಗೂ ಧೈರ್ಯ ಬಂದಿತ್ತು. ಎರಡನೇ ಸಲ ಅದನ್ನೂ ಆಲವನ್ನೂ ನರ್ಸರಿಗೆ ಒಯ್ದಾಗ ಮಾಲಿ ಕೊಂಬೆ ಬಗ್ಗಿಸಿ ನೋಡಿ ಕೆಳಗಿಟ್ಟ. "ಇದು ಸತ್ತು ತಿಂಗಳ ಮೇಲಾಯ್ತಮ್ಮ. ಜುನಿಪರ್‌ಗೆ ತಾನು ಸತ್ತಿದ್ದು ಗೊತ್ತಾಗೋಕೆ ಟೈಮ್ ಬೇಕು. ಬೇರು ಹೋಗಿರುತ್ತೆ, ಹಸಿರು ಹಾಗೇ ಇರುತ್ತೆ" ಅಂದ. ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದ ಹೆಂಗಸು, "ಎಷ್ಟು ಚೆನ್ನಾಗಿ ಇಟ್ಕೊಂಡಿದೀರ" ಅಂದರು. ಹೌದು ಅಂದೆ. ನಮ್ಮ ಮನೆಗೆ ಬಂದವರೆಲ್ಲ ನಿಮ್ಮಿಬ್ಬರನ್ನು ನೋಡಿ ನನಗೆ ಹಾಗೇ ಅನ್ನುತ್ತಿದ್ದರು.

ಅವತ್ತೇ ಮಾಲಿಯಿಂದ ಇನ್ನೊಂದು ಬೈಗುಳವೂ ತಿಂದೆ. ಉಗುರಲ್ಲಿ ತೊಗಟೆಯನ್ನು ಚೂರು ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ ಅಂತ ಮೊದಲ ಸಲವೇ ಹೇಳಿಕೊಟ್ಟಿದ್ದ. ನಾನು ಆಲವನ್ನು ದಿನಾ ಬೆಳಿಗ್ಗೆ ಕೆರೆದು ನೋಡುತ್ತಿದ್ದೆ. ಇವತ್ತು ಹಸಿರು ಕಂಡರೆ ಸಮಾಧಾನ. ನಾಳೆ ಬೆಳಗಾದರೆ ಮತ್ತೆ ಅನುಮಾನ. ಮಾಲಿ ಆ ಕಾಂಡವನ್ನು ತಿರುಗಿಸಿ ತಿರುಗಿಸಿ ನೋಡಿದ. ಕೆಳಗಿಂದ ಮೇಲಿನ ತನಕ ನನ್ನ ಉಗುರಿನ ಗುರುತು. "ಬದುಕಿದೀಯಾ, ಬದುಕಿದೀಯಾ ಅಂತ ಕೇಳಿ ಕೇಳಿಯೇ ಸಾಯಿಸ್ತಿದ್ದೀರಲ್ಲಮ್ಮ" ಅಂದ.

ಕೆರೆದು ಹುಣ್ಣು ಮಾಡಿಕೊಳ್ಳಬೇಡ ಅಂತ ನಿನಗೆ ನೂರು ಸಲ ಹೇಳಿದವಳು ನಾನು. ನನ್ನ ಮಗ ದಿನಕ್ಕೆ ಮೂರು ಸಲ ನಿನ್ನ ಆಫೀಸಿಗೆ ಫೋನ್ ಮಾಡಿ ಎಲ್ಲಿದೀಯ, ಯಾರ ಜೊತೆ ಇದೀಯ, ನನ್ನ ಮೇಲೆ ಬೇಸರ ಇಲ್ಲ ತಾನೇ ಅಂತ ಕೇಳುವಾಗ, ಪ್ರೀತಿ ಜಾಸ್ತಿ ಕಣೇ, ಅದಕ್ಕೇ ಕೇಳ್ತಾನೆ ಅಂತ ನಾನು ನಿನ್ನ ತಟ್ಟೆಗೆ ಬಡಿಸುತ್ತಾ ಹೇಳುತ್ತಿದ್ದೆ. ನೀನು ಬೇಗ ಬೇಗ ಉಂಡು ಏಳುತ್ತಿದ್ದೆ. ಅವನಿಗೆ ಇದನ್ನು ಕಲಿಸಿದವಳೂ ನಾನೇ ಇರಬೇಕು. ಶಾಲೆಯಿಂದ ಬಂದ ಮಗನ ಜೇಬು ತಡಕದೆ ಒಂದು ದಿನ ಬಿಟ್ಟವಳಲ್ಲ. ಅವನು ಕೆಟ್ಟವನಲ್ಲ ಅಂತ ಇವತ್ತೂ ಹೇಳುತ್ತೇನೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ಆದರೆ ಆ ಮಾತು ನಿನ್ನ ಯಾವ ಗಾಯಕ್ಕೂ ಮದ್ದಲ್ಲ ಅಂತ ಈಗ ತಿಳಿಯಿತು.

ಈಗ ಉಗುರು ಕತ್ತರಿಸಿಕೊಂಡಿದ್ದೇನೆ. ಜುನಿಪರ್ ಈ ವಾರ ಕಂದು ಬಣ್ಣಕ್ಕೆ ತಿರುಗಿತು, ಮುಟ್ಟಿದರೆ ಪುಡಿ. ಅವನು ಅದಕ್ಕೂ ನೀರು ಹಾಕುತ್ತಾನೆ, ನಾನು ತಡೆಯುವುದಿಲ್ಲ. ಆಲದ ಬಗ್ಗೆ ಏನೂ ಹೇಳಲಾರೆ. ನಿಮ್ಮ ಮನೆಯವರಿಗೆಲ್ಲ ನನ್ನ ನಮಸ್ಕಾರ, ಗುಂಡಣ್ಣನಿಗೆ ಒಂದು ಮುತ್ತು. ನಿನಗೆ ಒಳ್ಳೆಯ ನಿದ್ದೆ ಬರಲಿ, ಯಾರೂ ಏನೂ ಕೇಳದ ದಿನಗಳು ಬರಲಿ.

ಇಂತಿ,
ನಿನ್ನ ಅತ್ತೆ

ತಾ.ಕ.: ಲಕೋಟೆ ಅಂಟಿಸಲು ಹೋದವಳು ಮತ್ತೆ ಬಂದು ಕೂತೆ. ಆಲದ ಬಗ್ಗೆ ಹೇಳಲಾರೆ ಅಂದದ್ದು ಸುಳ್ಳು. ಅದು ಚಿಗುರಿದೆ. ತಂತಿಯ ಗಾಯದ ಕೆಳಗೆ ಮೊದಲು ಅಕ್ಕಿಕಾಳಿನಷ್ಟು ಮೊಳಕೆ, ಈಗ ಎರಡು ಎಲೆ. ಒಂಬತ್ತು ದಿನವಾಯಿತು. ಅವನಿಗೆ ಹೇಳಿಲ್ಲ, ಕಂಡರೆ ಮುಟ್ಟಿ ಮುಟ್ಟಿ ನೋಡುತ್ತಾನೆ. ನಿನಗೂ ಹೇಳಲಿಲ್ಲ, ಹೇಳಿದರೆ ಮಾತಿಗೆ ಕಟ್ಟುಬಿದ್ದು ಬಂದುಬಿಡುತ್ತೀಯ. ಬರಬೇಡ. ಒಗೆಯಲು ಹಾಕಿದ ಅವನ ಪ್ಯಾಂಟಿನ ಜೇಬಿನಲ್ಲಿ ನಿಮ್ಮ ಊರಿನ ಬಸ್ ಟಿಕೆಟ್ ನಾಲ್ಕು ಸಿಕ್ಕವು. ನಿಮ್ಮ ಬೀದಿಯಲ್ಲಿ ದೂರದಿಂದ ನಿಂತು ನೋಡಿ ಬರುತ್ತಾನೆ ಅಂತ ಕಾಣುತ್ತದೆ. ನಿಮ್ಮ ತಂದೆಯವರಿಗೆ ಈ ಮಾತು ತಿಳಿಸಿಡು. ನನ್ನ ಫೋನನ್ನೂ ಅವನು ತೆಗೆದು ನೋಡುತ್ತಾನೆ, ಅದಕ್ಕೇ ಈ ಕಾಗದ. ಆಲವನ್ನು ಕೆಳಗಿನ ಮನೆಯ ಟೀಚರಮ್ಮನ ಕಿಟಕಿಯಲ್ಲಿಟ್ಟಿದ್ದೇನೆ. ಬುಧವಾರ ಅವನ ಅಂಗಡಿಯಲ್ಲಿ ಸ್ಟಾಕ್ ನೋಡುವ ದಿನ, ಸಂಜೆ ತನಕ ಕದಲುವ ಹಾಗಿಲ್ಲ. ಒಂದು ಬುಧವಾರ ಹಗಲಲ್ಲಿ ಅಕ್ಕನನ್ನೂ ಕರೆದುಕೊಂಡು ಬಂದು ಅದನ್ನು ಒಯ್ದುಬಿಡು. ಮೆಟ್ಟಿಲು ಹತ್ತಿ ನಮ್ಮ ಬಾಗಿಲ ತನಕ ಬರಬೇಡ. ನಿನ್ನ ಮುಖ ಕಂಡರೆ ಒಳಗೆ ಬಾ ಅಂದುಬಿಡುತ್ತೇನೆ, ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಯಾವ ಬುಧವಾರ ಅಂತ ಟೀಚರಮ್ಮನ ವಿಳಾಸಕ್ಕೆ ಒಂದು ಸಾಲು ಹಾಕು. ಇದೊಂದಕ್ಕೆ ಮಾತ್ರ ನಿನ್ನ ಅವಸರ ಬೇಕು ಕಣೇ, ಬೇಗ ಬರೆ.